ಜೋತಿ ತಾತ್ಯಾನ ಎರಡು ಕೈ

ಮನುಷ್ಯರನ್ನು ಕಂಡು ಬೆರಗಾಗುವ ಅಭ್ಯಾಸ ನನಗಿಲ್ಲ. ಇಪ್ಪತ್ತಾರು ವರ್ಷ ರಿಮಾಂಡ್ ಹೋಮಿನಲ್ಲಿ ಮೇಷ್ಟ್ರಾಗಿದ್ದವನು ನಾನು. ಕದ್ದ ಹುಡುಗರು, ಬಡಿದಾಡಿದ ಹುಡುಗರು, ಅವರನ್ನು ಹಿಡಿದು ತಂದ ಪೊಲೀಸರು, ಅವರ ಕಾಗದ ಹಿಡಿದು ಓಡಾಡುವ ವಕೀಲರು, ಎಲ್ಲರನ್ನೂ ನೋಡಿ ನೋಡಿ ನನ್ನ ಕಣ್ಣು ಒಣಗಿಹೋಗಿತ್ತು. ಯಾರಾದರೂ ಯಾರನ್ನಾದರೂ ಹೊಗಳಿದರೆ 'ಇರಲಿ, ಇನ್ನೆರಡು ದಿನ ತಡಿ, ಗೊತ್ತಾಗ್ತದೆ' ಎನ್ನುವ ಜಾತಿ ನನ್ನದು. ಅಂಥ ನಾನು ಒಬ್ಬ ಕ್ಷೌರಿಕನ ಎದುರು ಮಾತು ಬಾರದೆ ನಿಂತಿದ್ದೇನೆ. ಅದೂ ಒಂದೇ ವಾರದಲ್ಲಿ ಎರಡು ಸಲ.

ಜೋತಿರಾಮ ಸಂಕಪಾಳನ ಅಂಗಡಿ ನಮ್ಮೂರಿನಲ್ಲಿ ಕೃಷ್ಣೆಯ ಘಾಟಿಗೆ ಇಳಿಯುವ ಮೆಟ್ಟಿಲ ಪಕ್ಕದಲ್ಲೇ ಇತ್ತು. ಅಂಗಡಿ ಎಂದರೆ ಒಂದು ತಗಡಿನ ಗೂಡು, ಒಂದು ಮರದ ಕುರ್ಚಿ, ಅಂಚು ಕಪ್ಪಾದ ಒಂದು ಕನ್ನಡಿ. ಬದುಕಿದವರ ಕೂದಲು ಗೂಡಿನಲ್ಲಿ, ಸತ್ತವರ ಮನೆಯವರ ಕೂದಲು ಘಾಟಿನಲ್ಲಿ. ಹತ್ತನೇ ದಿನದ ಕಾರ್ಯಕ್ಕೆ ಸುತ್ತಲ ಹಳ್ಳಿಯವರೆಲ್ಲ ಬರುವುದು ನಮ್ಮ ಘಾಟಿಗೇ. ಅವನ ಅಪ್ಪ, ಅಜ್ಜ ಕೂತ ಮೆಟ್ಟಿಲ ಮೇಲೇ ಇವನೂ ಕೂತು, ತಂದೆ ಕಳಕೊಂಡ ಮಕ್ಕಳ ತಲೆ ಬೋಳಿಸುತ್ತಿದ್ದ. "ಸತ್ತ ದಿನ ಅಳದವರು ನನ್ನ ಮುಂದ ಅಳ್ತಾರ ಗುರೂಜಿ. ತಲಿಮ್ಯಾಲೆ ತಣ್ಣೀರು ಬಿದ್ದ ಕೂಡ್ಲೆ ಶುರು" ಎನ್ನುತ್ತಿದ್ದ. ಇದನ್ನು ಅವನು ಹೆಚ್ಚುಗಾರಿಕೆಯಿಂದ ಹೇಳುತ್ತಿರಲಿಲ್ಲ. ಇವತ್ತು ಬಿಸಿಲು ಜಾಸ್ತಿ ಎನ್ನುವ ಹಾಗೆ ಹೇಳುತ್ತಿದ್ದ.

ಊರಿಗೆಲ್ಲ ಅವನು ತಾತ್ಯಾ. ಗಿಡ್ಡ ಆಳು, ಬಿಳಿ ಟೋಪಿ, ಬಲಗಿವಿ ಸ್ವಲ್ಪ ಮಂದ. ಬೇಡವಾದ ಮಾತು ಬಂದಾಗ ಇನ್ನೂ ಮಂದ. ಹೆಂಡತಿ ಬೇಗ ಹೋದಳು. ಎರಡು ಹೆಣ್ಣುಮಕ್ಕಳ ತಲೆ ತಾನೇ ಬಾಚಿ, ಜಡೆ ಹೆಣೆದು ಶಾಲೆಗೆ ಕಳಿಸಿದವನು. ಅವನು ಹೆಣೆದ ಜಡೆ ಊರಲ್ಲೇ ಚೆಂದ ಎಂದು ಹೆಂಗಸರು ತಮಾಷೆ ಮಾಡುತ್ತಿದ್ದರು.

ನಮ್ಮ ರಿಮಾಂಡ್ ಹೋಮಿಗೆ ಕ್ಷೌರಕ್ಕೆ ಮೊದಲು ಬರುತ್ತಿದ್ದ ಗುತ್ತಿಗೆಯವನು ನಲವತ್ತು ತಲೆಗಳನ್ನು ಒಂದೂವರೆ ತಾಸಿನಲ್ಲಿ ಮುಗಿಸುತ್ತಿದ್ದ. ಸಾಲಾಗಿ ಕೂಡಿಸಿ, ಕತ್ತು ಬಗ್ಗಿಸಿ, ಮಷೀನು ಓಡಿಸಿ, ಬೆನ್ನಿಗೊಂದು ಗುದ್ದು ಕೊಟ್ಟರೆ ಮುಂದಿನವನ ಸರದಿ. ಅವನು ಪುಣೆಗೆ ಹೋದ ಮೇಲೆ ತಾತ್ಯಾ ಬಂದ. ಮೊದಲ ಭಾನುವಾರ ಸಂಜೆಯವರೆಗೆ ಹನ್ನೊಂದೇ ತಲೆ ಆಗಿದ್ದವು. ನನಗೆ ಪಿತ್ತ ನೆತ್ತಿಗೇರಿತು. ನೋಡಿದರೆ ಒಬ್ಬೊಬ್ಬ ಹುಡುಗನನ್ನೂ "ಹೆಂಗ ಬೇಕಪಾ?" ಎಂದು ಕೇಳುತ್ತ ಕೂತಿದ್ದಾನೆ!

"ತಾತ್ಯಾ, ಇದೇನು ಪ್ಯಾಟಿ ಸಲೂನ್ ಅಲ್ಲ. ಇಲ್ಲಿ ಎಲ್ಲಾರಿಗೂ ಒಂದ ನಮೂನಿ" ಎಂದೆ.

"ಗೊತ್ತೈತಿ ಗುರೂಜಿ. ಒಂದ ನಮೂನಿನ ಕತ್ತರಿಸಾಕತ್ತೀನಿ."

"ಮತ್ತ ಕೇಳೂದು ಯಾಕ?"

"ಕೇಳಾಕ ಏನ್ ಖರ್ಚು? ಇವರನ್ನ ಹಿಡಿದಾಗಿಂದ ಹೆಂಗ ಬೇಕಂತ ಯಾರ್ ಕೇಳ್ಯಾರ?"

ಅದಕ್ಕಿಂತ ವಿಚಿತ್ರವಾದದ್ದು ಅವನ ಕೈಯ ಸಂಗತಿ. ಮಷೀನು ಮುಟ್ಟುವ ಮೊದಲು ಹುಡುಗನ ಎದುರಿಗೆ ಬಂದು ಎರಡೂ ಅಂಗೈ ಬಿಚ್ಚಿ ತೋರಿಸುತ್ತಿದ್ದ. ಆಮೇಲೆ ಹಿಂದೆ ಹೋಗಿ, ಕನ್ನಡಿಯಲ್ಲಿ ಕಾಣುವಂತೆ ಕೈ ಎತ್ತಿ, "ಬರ್ತೀನಿ ನೋಡು" ಎಂದು ಹೇಳಿ, ನಂತರ ತಲೆ ಮುಟ್ಟುತ್ತಿದ್ದ. ನಾನು ನಕ್ಕೆ. "ಏನೋ ಇದು, ಜಾದೂಗಾರನ ಆಟ?"

"ಈ ಹುಡುಗರಿಗೆ ಹಿಂದಿಂದ ಬಂದ ಕೈ ಎಲ್ಲಾ ಬಡಿಯೂ ಕೈನ, ಗುರೂಜಿ. ಹೇಳದ ಮುಟ್ಟಿದ್ರ ಭುಜ ಕಿವಿಗೆ ಏರ್ತಾವ, ಕುತ್ತಿಗಿ ಬಿಗೀತೈತಿ. ಕುತ್ತಿಗಿ ಬಿಗದ್ರ ನನ್ನ ಕತ್ತರಿ ಓಡೂದಿಲ್ಲ. ಅಷ್ಟ ಮತ್ತ."

ಕಸುಬಿನ ಮಾತಾಗಿ ಹೇಳಿ ಮುಗಿಸಿದ. ನಾನು ಮಾತ್ರ ಅಂದು ಊಟ ಮಾಡಲಾರದೆ ಎದ್ದೆ. ಎಷ್ಟೋ ವರ್ಷ ತರಗತಿಯಲ್ಲಿ ಹಿಂದಿನಿಂದ ಹೋಗಿ 'ಶಾಭಾಸ್' ಎಂದು ಇವರ ಬೆನ್ನು ತಟ್ಟಿದವನು ನಾನು. ಆ ಭುಜಗಳು ಏರುವುದನ್ನು ಪ್ರತಿ ಸಲ ನೋಡಿದ್ದೆ. ತಪ್ಪು ಮಾಡಿದವರಿಗೆ ಅಳುಕು ಇದ್ದದ್ದೇ ಎಂದುಕೊಂಡಿದ್ದೆ.

ಗಾಜು ಇಡಬಾರದೆಂಬ ನಿಯಮದಿಂದ ನಮ್ಮಲ್ಲಿ ಕನ್ನಡಿ ಇರಲಿಲ್ಲ. ತಾತ್ಯಾ ತನ್ನ ಕನ್ನಡಿಯನ್ನು ಟವೆಲ್ಲಿನಲ್ಲಿ ಸುತ್ತಿ ತಂದು, ಅಂಗಳದ ಬೇವಿನ ಮರಕ್ಕೆ ತೂಗುಹಾಕಿ, ಹೋಗುವಾಗ ಒಯ್ಯುತ್ತಿದ್ದ. ಹುಡುಗರು ತಮ್ಮ ಮುಖ ನೋಡಿಕೊಳ್ಳುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ, ಅವನ ಕುರ್ಚಿಯಲ್ಲಿ. ಕೊನೆಗೆ ನಾಲ್ಕು ಹನಿ ಎಣ್ಣೆ ಹಾಕಿ ನೆತ್ತಿ ತಿಕ್ಕುತ್ತಿದ್ದ. ಕೆಲವರು ಅಲ್ಲೇ ನಿದ್ದೆಹೋಗುತ್ತಿದ್ದರು, ಕೆಲವರು ಎದ್ದು ಮತ್ತೆ ಸಾಲಿನ ಬಾಲಕ್ಕೆ ನಿಲ್ಲುತ್ತಿದ್ದರು.

"ನಿಂದ ಆತಲ್ಲೋ ಮಗನ?"

"ಹಿಂದ ಒಂದ ಕೂದ್ಲ ಉಳದೈತಿ ತಾತ್ಯಾ."

"ಅದನ್ನ ನಿನ್ನ ಮದುವಿಗೆ ಇಟ್ಟೀನಿ. ಏಳು."

ಆ ವರ್ಷ ಜೋಳದ ಸುಗ್ಗಿಯ ಹೊತ್ತಿಗೆ ಆ ಹುಡುಗ ಬಂದ. ಇಂಥವರ ಹೆಸರು ಬರೆಯಬಾರದೆಂದು ಕಾನೂನು ಹೇಳುತ್ತದೆ. ನಾನು ಇಂದ್ರಜಿತ ಎನ್ನುತ್ತೇನೆ, ಅವನ ಮನೆಯವರ ಹೆಸರೂ ಬದಲಿಸಿದ್ದೇನೆ. ಹದಿನಾರು ವರ್ಷ, ಹತ್ತನೇ ತರಗತಿ. ಅಪ್ಪ ದಿನಕರ ಕುಡಿದು ಬಂದು ತಾಯಿಯನ್ನು ಬಡಿಯುತ್ತಿದ್ದ, ದಿನಾ ಬಡಿಯುತ್ತಿದ್ದ. ಅಂದು ಅವಳ ಎಡಗೈ ಮುರಿಯಿತು. ಮೂಳೆ ಮುರಿದ ಸದ್ದು ಕೇಳಿ ಹುಡುಗ ಮೂಲೆಯಲ್ಲಿದ್ದ ಕೊಡಲಿಯ ಮರದ ಕಾವು ಎತ್ತಿಕೊಂಡು ಒಂದೇ ಏಟು ಹಾಕಿದ. ಅಪ್ಪ ದವಾಖಾನೆಯಲ್ಲಿ ಎರಡು ದಿನ ಇದ್ದು ಬುಧವಾರ ಸತ್ತ. ಹುಡುಗ ಆಗಲೇ ನಮ್ಮಲ್ಲಿದ್ದ. ಸುದ್ದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಗೆ ಹೇಳಿದೆ ಎಂದು ಬರೆಯಲು ನಾಚಿಕೆ. ಹಾಜರಿ ಕೂಗಿದ ಹಾಗೆ ಹೇಳಿದೆ.

ಅವನು ಅಳಲಿಲ್ಲ. ಮಾತು ನಿಂತಿತು. ಜೋಳದ ಭಾಕರಿ ಮುರಿದು ತಟ್ಟೆಯ ಅಂಚಿಗೆ ಇಡುತ್ತಿದ್ದ, ಅಷ್ಟೇ. ತಾಯಿ ಬರಲಿಲ್ಲ. ಫೋನು ಮಾಡಿದರೆ ದೊಡ್ಡಪ್ಪ ಬಜರಂಗ ಎತ್ತಿ, "ಆ ಹೆಸರಿನವ ನಮ್ಮ ಮನ್ಯಾಗ ಯಾರೂ ಇಲ್ಲ" ಎಂದು ಇಟ್ಟುಬಿಡುತ್ತಿದ್ದ.

ಭಾನುವಾರ ತಾತ್ಯಾ ಬಂದ. ಇಂದ್ರಜಿತನ ಸರದಿ ಬಂತು. ತಾತ್ಯಾ ಕೈ ತೋರಿಸಿದ, ಹಿಂದೆ ಹೋದ, "ಹೆಂಗ ಬೇಕಪಾ?" ಎಂದ. ಹುಡುಗ ಕೊರಳಿನ ಬಟ್ಟೆ ಕಿತ್ತು ಎದ್ದುಬಿಟ್ಟ. ಉಳಿದವರ ಮುಂದೆ ಹಾಗೆ ಎದ್ದದ್ದು ನನಗೆ ಸಹಿಸಲಾಗಲಿಲ್ಲ. "ಕೂತ್ಕೊಳೋ! ಇದೇನ್ ನಿಮ್ಮಪ್ಪನ ಮನಿ ಅಂತ ತಿಳಿದೀಯೇನು?" ಎಂದು ಕೂಗಿದೆ.

ದಿನಕ್ಕೆ ಹತ್ತು ಸಲ ಹತ್ತು ಹುಡುಗರಿಗೆ ಆಡುವ ಬೈಗುಳ ಅದು. ಬಾಯಿಂದ ಬಿದ್ದ ಮೇಲೆ ಕೇಳಿಸಿತು.  ಹುಡುಗ ನನ್ನ ಕಡೆ ನೋಡಲೇ ಇಲ್ಲ. ತಾತ್ಯಾನಿಗೆ ಹೇಳಿದ, ನಾಲ್ಕು ದಿನದಲ್ಲಿ ಅವನಾಡಿದ ಮೊದಲ ಮಾತು: "ಸೂತಕ ಐತಿ ತಾತ್ಯಾ. ಹತ್ತ ದಿನ ಕೂದ್ಲ ತಗೀಬಾರದು."

ತಾತ್ಯಾ ಮಷೀನು ಕೆಳಗಿಟ್ಟ. "ತಪ್ಪಾತು ಮಗನ. ನಾನ ಕೇಳಬೇಕಿತ್ತು."

ಹುಡುಗ ಕೇಳಿದ. "ನನಗ ಸೂತಕ ಇರ್ತೈತೇನು ತಾತ್ಯಾ? ಕೊಂದವಗ?"

  ತಾತ್ಯಾ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಸತ್ತವ ಯಾರ ಅಪ್ಪ?"

"ನಮ್ಮಪ್ಪ."

"ಹಂಗಾರ ಸೂತಕ ನಿಂದ. ಅದನ್ನ ಯಾರೂ ಕಸಗೊಳ್ಳಾಕ ಬರೂದಿಲ್ಲ."

ಹುಡುಗ ಅವನ ಕಡೆ ಬಗ್ಗಿದ. "ಶುಕ್ರವಾರ ಹತ್ತನೇ ದಿನ. ನಮ್ಮೂರವರು ನಿಮ್ಮ ಘಾಟಿಗೇ ಬರ್ತಾರ. ಕಾಗಿ ಮುಟ್ಟಿತೋ ಇಲ್ಲೋ ನೋಡಿ ಬಂದು ಹೇಳ್ತೀರಿ? ಮುಟ್ಟಿದ್ರ ಅಪ್ಪಗ ನನ್ನ ಮ್ಯಾಲೆ ಸಿಟ್ಟಿಲ್ಲಂತ ತಿಳೀತೀನಿ."

"ಮುಟ್ಟಲಿಲ್ಲಂದ್ರ?"

"ಮುಟ್ಟಲಿಲ್ಲಂತ ಹೇಳ್ರಿ. ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡ್ರಿ."

"ಕೃಷ್ಣಾಮಾಯಿ ಆಣಿ. ಕಂಡದ್ದ ಹೇಳ್ತೀನಿ."

 ಹುಡುಗ ತನ್ನ ಬದುಕನ್ನೇ ಒಂದು ಕಾಗೆಯ ಕೊಕ್ಕಿಗೆ ಒಪ್ಪಿಸಿದ್ದ, ಈ ಮುದುಕ ಅದಕ್ಕೆ ಆಣೆ ಬೇರೆ ಇಟ್ಟಿದ್ದ. ಗೇಟಿನ ತನಕ ಹಿಂದೆಯೇ ಹೋಗಿ ಬೈದೆ. "ಮುಟ್ಟಲಿ ಬಿಡಲಿ, ಮುಟ್ಟಿತು ಅಂತ ಹೇಳಿಬಿಡು. ಆ ಹುಡುಗ ಉಣ್ಣೂದು ಬಿಟ್ಟಾನ. ನಾಳೆ ಏನರ ಮಾಡಿಕೊಂಡ್ರ?"

"ಸುಳ್ಳಾಡಿದ್ರ ಅವಾ ನನ್ನ ಕೈ ಮತ್ತ ನಂಬೂದಿಲ್ಲ ಗುರೂಜಿ" ಎಂದ. ಆ ಮಾತಿಗೆ ನಾನು ಬೆಪ್ಪಾಗಿ ನಿಂತೆ. ಎರಡು ಸಲ ಮಾತು ಬಾರದೆ ನಿಂತೆ ಎಂದೆನಲ್ಲ, ಅದರಲ್ಲಿ ಮೊದಲನೆಯದು ಇದು.

ಹುಡುಗನನ್ನು ಪೊಲೀಸರ ಜೊತೆ ಒಂದು ತಾಸು ಘಾಟಿಗೆ ಕಳಿಸಿ ಎಂದು ಅಧೀಕ್ಷಕ ಮೋಹಿತೆ ಸಾಹೇಬರನ್ನು ಕೇಳಿದೆ. "ಕೊಂದವನ ಕೈಲೇ ಪಿಂಡ ಇಡಿಸ್ತೀರಾ ಗುರೂಜಿ? ಪೇಪರಿನವರು ನನ್ನ ಪಿಂಡ ಇಡ್ತಾರ" ಎಂದರು. ಕೆಟ್ಟ ಮನುಷ್ಯ ಅಲ್ಲ, ಹೆದರುವ ಮನುಷ್ಯ. ಹೇಗಾದರೂ ತಾಯಿಯ ಜೊತೆ ಎರಡು ಮಾತಾಡೋಣವೆಂದು ಶುಕ್ರವಾರ ನಾನೇ ಘಾಟಿಗೆ ಹೋದೆ.

ನಮ್ಮ ಘಾಟಿನ ಕಾಗೆಗಳು ಪುಂಡ ಕಾಗೆಗಳು. ಎಲೆ ಹಾಸುವ ಮೊದಲೇ ಮೆಟ್ಟಿಲಿಗೆ ಇಳಿದು ಕೂಗುತ್ತವೆ. ಅಂದು ಪಕ್ಕದ ಮೆಟ್ಟಿಲಲ್ಲಿ ಇನ್ನೊಂದು ಮನೆಯವರು ಪಿಂಡ ಇಟ್ಟ ಕೂಡಲೇ ಮೂರು ಕಾಗೆ ಬಂದು ಮುಟ್ಟಿ ಹೋದವು. ದಿನಕರನ ಪಿಂಡದ ಕಡೆ ಒಂದೂ ತಿರುಗಲಿಲ್ಲ. ಅರಳಿಮರದ ಮೇಲೆ ಸಾಲಾಗಿ ಕೂತು ನೋಡುತ್ತಿದ್ದವು. ಮಗ ಮಾಡಬೇಕಾದ ಕಾರ್ಯ ಬಜರಂಗ ಮಾಡಿದ್ದ. ತಾಯಿ ಶಾಲನಬಾಯಿ ದೂರದ ಮೆಟ್ಟಿಲಲ್ಲಿ ಸೆರಗು ಮುಚ್ಚಿ ಕೂತಿದ್ದಳು. ಎಡಗೈಗೆ ಪ್ಲಾಸ್ಟರು.

ಅರ್ಧ ತಾಸಾಯಿತು. ಬಜರಂಗ ಕೈ ಮುಗಿದು, "ದಿನ್ಯಾ, ನಿನ್ನ ಮನಿ ಗೋಡಿ ಅರ್ಧಕ್ಕ ನಿಂತೈತಿ, ನಾ ಮುಗಿಸ್ತೀನಿ" ಎಂದ. ಕಾಗೆ ಅಲುಗಲಿಲ್ಲ. "ಮಗಳ ಮದುವಿ ನಾ ನಿಂತು ಮಾಡ್ತೀನಿ" ಎಂದ. ಇಲ್ಲ. "ನಿನ್ನ ಎಮ್ಮಿ ಮಾರೂದಿಲ್ಲೋ!" ಯಾರೋ ಓಡಿಹೋಗಿ ಜಿಲೇಬಿ ತಂದಿಟ್ಟರು, ತಂಬಾಕು ಇಟ್ಟರು. ಕೊನೆಗೆ ಒಬ್ಬ ಗೆಳೆಯ ಅಂಗಿಯೊಳಗಿಂದ ಚಿಕ್ಕ ಬಾಟಲಿ ತೆಗೆದು ಎಲೆಯ ಪಕ್ಕ ನಾಲ್ಕು ಹನಿ ಸುರಿದ. ಬದುಕಿದ್ದಾಗ ಅದಕ್ಕೆ ಪ್ರಾಣ ಬಿಡುತ್ತಿದ್ದವನಿಗೆ ಅಂದು ಅದೂ ಬೇಡವಾಯಿತು.

ಭಟ್ಟರು ಗಡಿಯಾರ ನೋಡಿ ದರ್ಭೆಯ ಕಾಗೆ ಕಟ್ಟತೊಡಗಿದರು. ಕಾಗೆ ಬಾರದಿದ್ದರೆ ಹುಲ್ಲಿನ ಕಾಗೆಯಿಂದ ಮುಟ್ಟಿಸಿ ಮುಗಿಸುವುದು ರೂಢಿ. ಮನೆಯವರಿಗೆ ಅದು ಸಾಕು. ಬೇವಿನ ಮರದಡಿ ಕಾಯುತ್ತಿದ್ದ ಆ ಹುಡುಗನಿಗೆ? ಹುಲ್ಲು ಮುಟ್ಟಿತು ಎಂದು ತಾತ್ಯಾ ಹೋಗಿ ಹೇಳಬೇಕು. ಹೇಳಿಯೇ ಹೇಳುತ್ತಾನೆ, ಬಿಡುವವನಲ್ಲ. 

ತಾತ್ಯಾ ಬಜರಂಗನ ತಲೆ ಬೋಳಿಸುತ್ತಿದ್ದ. ಅರ್ಧ ಆಗಿತ್ತು. ಕತ್ತಿ ನಿಲ್ಲಿಸಿ, "ಒಂದ ಹೆಸರು ಬಿಟ್ಟೀರಿ" ಎಂದ.

ಎಲ್ಲರಿಗೂ ತಿಳಿಯಿತು ಯಾವ ಹೆಸರೆಂದು. ಅರ್ಧ ಬೋಳಾದ ತಲೆ ಹೊತ್ತು ಬಜರಂಗ ಎದ್ದು ನಿಂತ. "ಏ, ಕತ್ತಿ ಹಿಡಿಯೂದಷ್ಟ ನಿನ್ನ ಕೆಲಸ! ನನ್ನ ತಮ್ಮನ್ನ ತಿಂದವನ ಹೆಸರು ಇಲ್ಲಿ ತಗೀತೀ?"

"ನಾ ಎಲ್ಲಿ ತಗದೀನ್ರಿ? ನೀವ ತಗೀರಿ ಅನ್ನಾಕತ್ತೀನಿ. ಈ ಕತ್ತಿಗೆ ತಲಿ ಕೊಡಬೇಕಾದ ಮಗ ನಾಕ ಗೋಡಿ ನಡುವ ಕುಂತಾನ. ಅನ್ನ ಬಿಟ್ಟಾನ. ಕಾಗಿ ಮುಟ್ಟೀತೇನು, ಅದೊಂದ ಮಾತ ಅವಂದು."

ಬಜರಂಗ ಏನೋ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಶಾಲನಬಾಯಿ ಎದ್ದಳು. ಯಾರನ್ನೂ ಕೇಳಲಿಲ್ಲ. ಮೆಟ್ಟಿಲಿಳಿದು ಪಿಂಡದ ಎದುರು ನಿಂತಳು. ಕೈ ಮುಗಿಯಲು ಪ್ಲಾಸ್ಟರು ಬಿಡಲಿಲ್ಲ. ಒಂದೇ ಕೈ ಎದೆಗಿಟ್ಟುಕೊಂಡು, ಗಂಡ ಜಗಲಿಯ ಮೇಲೆ ಕೂತಿದ್ದಾನೆ ಎನ್ನುವ ಹಾಗೆ ಮಾತಾಡಿದಳು.

"ಕೇಳಸ್ತೈತೇನ್ರಿ? ಪೋರನ್ನ ನಾ ಬಿಡೂದಿಲ್ಲ. ಮನಿಗೆ ಕರಕೊಂಡ ಬರ್ತೀನಿ. ಯಾರ್ ಏನರ ಅನ್ನಲಿ. ಅವಾ ನನ್ನ ಉಳಸಾಕ ಬಡದಾನ, ನಿಮ್ಮನ್ನ ಕೊಲ್ಲಾಕ ಅಲ್ಲ. ನಿಮಗೂ ಗೊತ್ತೈತಿ ಅದು. ಅವನ ಮ್ಯಾಲಿನ ಸಿಟ್ಟ ಇಲ್ಲೇ ಬಿಟ್ಟ ಹೋಗ್ರಿ."

ಘಾಟಿನಲ್ಲಿ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅರಳಿಮರದಿಂದ ಒಂದು ಕಾಗೆ ಇಳಿಯಿತು. ಅವಳ ಕಾಲಿನಿಂದ ಎರಡು ಗೇಣು ದೂರದಲ್ಲಿ ಕೂತು, ಕತ್ತು ಓರೆ ಮಾಡಿ ಅವಳನ್ನೇ ನೋಡಿ, ಪಿಂಡಕ್ಕೆ ಕೊಕ್ಕು ಹಾಕಿತು.

ನಾನು ವಿಜ್ಞಾನ ಕಲಿಸಿದವನು. ಗದ್ದಲಕ್ಕೆ ಹೆದರಿದ್ದ ಕಾಗೆ ಎಲ್ಲರೂ ಸುಮ್ಮನಾದಾಗ ಇಳಿಯಿತು ಎಂದು ನನ್ನ ತಲೆ ಹೇಳಿತು. ಮೈ ಕೇಳಲಿಲ್ಲ. ನನಗರಿಯದೆ ಕೈ ಮುಗಿದಿದ್ದೆ. ಬಜರಂಗ ದೊಪ್ಪನೆ ಮೆಟ್ಟಿಲ ಮೇಲೆ ಕುಸಿದು ಅರ್ಧ ಬೋಳು ತಲೆಯನ್ನು ಮುಂದೆ ಚಾಚಿ ಮಗುವಿನಂತೆ ಅತ್ತ. ತಾತ್ಯಾ ಉಳಿದರ್ಧ ಮುಗಿಸಿದ, ಕತ್ತಿ ತೊಳೆದ, ಸಾಮಾನಿನ ಹಡಪ ಕಟ್ಟಿದ, ಗೂಡಿನಿಂದ ಕನ್ನಡಿ ತಂದ. "ಬರ್ರಿ ಅವ್ವಾ" ಎಂದು ಶಾಲನಬಾಯಿಗೆ ಹೇಳಿ ಮುಂದೆ ನಡೆದ. ಅವಳು ಹಿಂದೆ, ನಾನು ಅವಳ ಹಿಂದೆ.

ಮುಂದೆ ಬಾಲನ್ಯಾಯ ಮಂಡಳಿ ಹುಡುಗನನ್ನು ತಾಯಿಯ ವಶಕ್ಕೆ ಕೊಟ್ಟದ್ದು, ಪ್ರಕರಣ ಎರಡು ವರ್ಷ ಎಳೆದದ್ದು, ಅವನು ಹತ್ತನೇ ತರಗತಿ ಪಾಸಾದದ್ದು, ಅದೆಲ್ಲ ಕಾಗದದಲ್ಲಿದೆ. ತಾತ್ಯಾನ ಕೈ ಈಗ ನಡುಗುತ್ತದೆ, ಕತ್ತಿ ಹಿಡಿಯುವುದಿಲ್ಲ. ನಾನು ಹೇಳಬೇಕಾದದ್ದು ಆ ಶುಕ್ರವಾರದ ಮಧ್ಯಾಹ್ನದ ಸಂಗತಿ.

ಕ್ಷೌರದ ಕತ್ತಿ ಗೇಟಿನೊಳಗೆ ಬಿಡುವಂತಿಲ್ಲ. ಗೇಟಿನ ಪುಸ್ತಕದಲ್ಲಿ 'ನನ್ನ ಜವಾಬ್ದಾರಿ' ಎಂದು ಬರೆದು ಸಹಿ ಹಾಕಿದೆ. ಮೋಹಿತೆ ಸಾಹೇಬರು ಕಿಟಕಿಯಿಂದ ನೋಡಿದರು. ಪ್ಲಾಸ್ಟರಿನ ಹೆಂಗಸನ್ನೂ ನೋಡಿದರು. ಕಿಟಕಿ ಮುಚ್ಚಿಕೊಂಡರು.

ಹುಡುಗ ಬೆಳಗ್ಗೆಯೇ ತಣ್ಣೀರು ಸುರಿದುಕೊಂಡು ಬೇವಿನ ಕೆಳಗೆ ಕೂತಿದ್ದ. ತಾತ್ಯಾನನ್ನೂ ನನ್ನನ್ನೂ ಕಂಡರೂ ಕೇಳಲು ಧೈರ್ಯ ಬರಲಿಲ್ಲ. ನಾನು ಶಾಲನಬಾಯಿಯನ್ನು ಮೊದಲೇ ಅವನ ಹಿಂದಿನ ಗೋಡೆಯ ಮರೆಗೆ ನಿಲ್ಲಿಸಿದ್ದೆ. ತಾತ್ಯಾ ಕನ್ನಡಿ ತೂಗುಹಾಕಿದ. ಎದುರಿಗೆ ಬಂದು ಎರಡೂ ಅಂಗೈ ತೋರಿಸಿದ. "ಮುಟ್ಟಿತು" ಎಂದ.

ಹುಡುಗ ಅವನ ಕೈಯನ್ನೇ ನೋಡುತ್ತಿದ್ದ. "ಆಣಿ?"

"ಆಣಿ. ಬಾಳ ಹೊತ್ತ ಮುಟ್ಟಲಿಲ್ಲ, ಸುಳ್ಳ ಯಾಕ ಹೇಳಲಿ. ಮನಿ ಅಂದ್ರು, ಎಮ್ಮಿ ಅಂದ್ರು, ಜಿಲೇಬಿ ಇಟ್ರು. ಜಗ್ಗಲಿಲ್ಲ. ನಿನ್ನ ಮನಿಗೆ ಕರಕೊಂಡ ಬರ್ತೀನಿ ಅಂತ ಮಾತ ಕೊಟ್ಟ ಮ್ಯಾಲೆ ಬಂತು."

"ಯಾರ ಕೊಟ್ರು?"

 ತಾತ್ಯಾ ಕನ್ನಡಿಯನ್ನು ಗೋಡೆಯ ಕಡೆಗೆ ಸ್ವಲ್ಪ ಓರೆ ಮಾಡಿದ. ಹುಡುಗನಿಗೆ ಅದರಲ್ಲಿ ಏನು ಕಂಡಿತೋ ನನಗೆ ಕಾಣಲಿಲ್ಲ. ಅವನ ಮುಖ ಮಾತ್ರ ಕಂಡಿತು. ಆಗಲೇ ತಾತ್ಯಾ ತಲೆಯ ಮೇಲೆ ಒಂದು ತಂಬಿಗೆ ನೀರು ಸುರಿದ. ಹತ್ತು ದಿನದ ಅಳುವೆಲ್ಲ ಅಲ್ಲಿ ಬಂತು. ಅಳುತ್ತಿದ್ದ ತಲೆಯನ್ನು ಎಲ್ಲೂ ಒಂದು ಗೀರು ಬೀಳದಂತೆ ಬೋಳಿಸಿದ ಆ ಕೈಯನ್ನು ನಾನು ಈಗಲೂ ಮರೆತಿಲ್ಲ. ಸುತ್ತ ಬಂದು ನಿಂತಿದ್ದ ನಲವತ್ತು ಹುಡುಗರಲ್ಲಿ ಒಬ್ಬನೂ ಕಿಸಕ್ಕೆನ್ನಲಿಲ್ಲ.

ಕತ್ತಿ ಕೆಳಗಿಟ್ಟ ಕೂಡಲೇ ಶಾಲನಬಾಯಿಗೆ ತಡೆಯಲಾಗಲಿಲ್ಲ. ಗೋಡೆ ಬಿಟ್ಟು ಓಡಿಬಂದು, ಹಿಂದಿನಿಂದ ಮಗನ ತಲೆಯ ಮೇಲೆ ಕೈ ಎತ್ತಿದಳು. ಹುಡುಗನ ಭುಜಗಳು ಕಿವಿಗೆ ಏರಿದವು. ಅವಳು ಬೆಂಕಿ ಮುಟ್ಟಿದಂತೆ ಕೈ ಹಿಂದೆಳೆದುಕೊಂಡಳು.

"ಅವನ ತಪ್ಪಲ್ಲ ಅವ್ವಾ" ಎಂದ ತಾತ್ಯಾ, ಮೆಲ್ಲಗೆ. "ಮುಂದ ಬಂದು, ಮೊದಲ ತೋರಸ್ರಿ."

ಅವಳು ಸುತ್ತಿ ಎದುರಿಗೆ ಬಂದಳು. ಎರಡೂ ಕೈ ಮುಂದೆ ಹಿಡಿದಳು, ಒಂದು ಬರಿಗೈ, ಒಂದು ಪ್ಲಾಸ್ಟರಿನ ಕೈ. ಹುಡುಗ ಆ ಪ್ಲಾಸ್ಟರನ್ನು ಬಹಳ ಹೊತ್ತು ನೋಡಿದ. ಆಮೇಲೆ ತಾನೇ ಬಗ್ಗಿ, ಹೊಸದಾಗಿ ಬೋಳಿಸಿದ ಒದ್ದೆ ತಲೆಯನ್ನು ಆ ಎರಡು ಕೈಗಳಲ್ಲಿ ಇಟ್ಟ.